ಕೈಗುಣ

ನಾನು ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಟೆಕ್ನೀಷಿಯನ್. ಕಿಡ್ನಿ ಸೋತವರ ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿ, ರಕ್ತವನ್ನು ಯಂತ್ರದೊಳಗೆ ಹರಿಸಿ, ಶುದ್ಧ ಮಾಡಿ ಮತ್ತೆ ದೇಹಕ್ಕೆ ಬಿಡುವ ಕೆಲಸ. ವಾರಕ್ಕೆ ಮೂರು ಸಲ ಬರುವ ರೋಗಿಗಳಿಗೆ ಕಾಯಿಲೆಗಿಂತ ಆ ಸೂಜಿಯದ್ದೇ ಚಿಂತೆ. ಯಾರ ಕೈಯಲ್ಲಿ ನೋವು ಕಡಿಮೆ ಎಂಬುದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಹನ್ನೆರಡು ವರ್ಷ ಆ ಹೆಸರು ನನಗಿತ್ತು.

ಬಂದರ್‌ನಲ್ಲಿ ಒಣಮೆಣಸಿನ ಸಗಟು ವ್ಯಾಪಾರ ಮಾಡುತ್ತಿದ್ದ ಒಬ್ಬರು ಅಜ್ಜ ನಮ್ಮಲ್ಲಿಗೆ ಬರುತ್ತಿದ್ದರು. ಆರು ವರ್ಷ ಅವರು ನನಗಲ್ಲದೆ ಬೇರೆಯವರಿಗೆ ತೋಳು ಕೊಟ್ಟದ್ದಿಲ್ಲ. ನಾನು ರಜೆ ಹಾಕುವ ಮೊದಲು ಅವರಿಗೊಂದು ಮಾತು ತಿಳಿಸಬೇಕಿತ್ತು. ಬೇರೆಯವರ ಎದುರು ಅದನ್ನು ಉಪದ್ರ ಎಂದು ಹೇಳಿಕೊಳ್ಳುತ್ತಿದ್ದೆ. ಒಳಗೊಳಗೆ ಹಿಗ್ಗುತ್ತಿದ್ದೆ.

ಎರಡು ವರ್ಷದ ಹಿಂದೆ ಅವಳು ನಮ್ಮ ವಾರ್ಡಿಗೆ ಹೊಸ ಟೆಕ್ನೀಷಿಯನ್ ಆಗಿ ಬಂದಳು. ನಾಗಾಲ್ಯಾಂಡಿನವಳು, ಇಲ್ಲಿಯೇ ಕಾಲೇಜಿನಲ್ಲಿ ಓದಿದವಳು. ಇಪ್ಪತ್ನಾಲ್ಕು ವರ್ಷ. ನಮ್ಮ ಹಾಗೆಯೇ ಎಂತ, ಉಂಟು ಎಂದು ಕನ್ನಡ ಮಾತಾಡುತ್ತಿದ್ದಳು. ಒಂದು ಸೋಮವಾರ ಶಕ್ತಿನಗರದಿಂದ ನಾನು ಬರುವ ಬಸ್ಸು ಕೆಟ್ಟು ಅರ್ಧ ಗಂಟೆ ತಡವಾಯಿತು. ವಾರ್ಡಿಗೆ ಓಡಿ ಹೋದರೆ ಅಜ್ಜನ ಯಂತ್ರ ಆಗಲೇ ತಿರುಗುತ್ತಿತ್ತು.

"ಬೇಜಾರು ಮಾಡ್ಬೇಡ ಮಗಳೇ," ಎಂದರು ಅಜ್ಜ. "ಆ ಹುಡುಗಿ ಚುಚ್ಚಿದ್ದೇ ಗೊತ್ತಾಗ್ಲಿಲ್ಲ. ಇನ್ನು ಅವಳೇ ಹಾಕ್ಲಿ, ಆಗದಾ?"

"ಅದಕ್ಕೆಂತ ಅಜ್ಜ, ಆಗ್ಲಿ," ಎಂದು ನಕ್ಕು ಸ್ಟೋರ್ ರೂಮಿಗೆ ಹೋದೆ. ಸರಿಯಾಗಿಯೇ ಇದ್ದ ಪೆಟ್ಟಿಗೆಗಳನ್ನು ಕೆಳಗಿಳಿಸಿ ಮತ್ತೆ ಜೋಡಿಸುತ್ತಾ ಬಹಳ ಹೊತ್ತು ಅಲ್ಲಿಯೇ ಇದ್ದೆ.

ಆಮೇಲೆ ಒಬ್ಬೊಬ್ಬರಾಗಿ ಅವಳನ್ನೇ ಕೇಳತೊಡಗಿದರು. ನಾನು ಕಳ್ಳಗಣ್ಣಿನಿಂದ ಅವಳ ಬೆರಳು ನೋಡುತ್ತಿದ್ದೆ. ಚುಚ್ಚುವ ಮೊದಲು ಅವಳು ರಕ್ತನಾಳದ ಮೇಲೆ ಎರಡು ಬೆರಳಿಟ್ಟು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು. ಮನೆಯಲ್ಲಿ ಗಂಡನ ತೋಳು ಹಿಡಿದು ನಾನೂ ಕಣ್ಣು ಮುಚ್ಚಿ ನೋಡಿದೆ. "ಎಂತಾಯ್ತು ನಿಂಗೆ?" ಎಂದು ಅವರು ಕೇಳಿದಾಗ ನಾಚಿಕೆಯಾಗಿ ಕೈಬಿಟ್ಟೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಟೆಕ್ನೀಷಿಯನ್ ಸುರತ್ಕಲ್ ಕಡೆಯವರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ನನ್ನ ಅಮ್ಮನ ಆಪರೇಷನ್ನಿಗೆ, ನನ್ನ ಸ್ವಂತ ತಮ್ಮ ಬಂದು ಮುಟ್ಟುವ ಮೊದಲೇ ರಕ್ತ ಕೊಟ್ಟ ಮನುಷ್ಯ. ಅವರು ನನ್ನ ಮುಖ ಓದಿಬಿಟ್ಟಿದ್ದರು. ಒಂದು ದಿನ ಚಹಾ ಕುಡಿಯುವಾಗ ಎಲ್ಲರ ಎದುರು, "ಎಂತ ಮಾರಾಯ್ತಿ, ಚೈನಾದವಳು ನಿನ್ನ ಅಜ್ಜನನ್ನು ಹಾರಿಸ್ಕೊಂಡು ಹೋದ್ಳಂತೆ?" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ತುಂಬ ದಿನಗಳ ನಂತರ ಮನಸ್ಸು ಹಗುರಾಯಿತು.

ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅವಳ ಊಟದ ಡಬ್ಬಿಯಲ್ಲಿ ಹುಳಿ ಬರಿಸಿದ ಸೋಯಾ ಕಾಳಿನ ಪಲ್ಯ ಇರುತ್ತಿತ್ತು. ನನಗೂ ಒಂದು ಚಮಚ ಕೊಟ್ಟು ತಿನ್ನಿಸಿದ್ದಳು. "ಆ ಡಬ್ಬಿ ತೆರೆದ್ರೆ ನಂಗೆ ತಲೆನೋವು ಬರ್ತದೆ ಅಣ್ಣ," ಎಂದು ಹೇಳಿದೆ. ಹಿಂದಿನ ದಿನವಷ್ಟೇ ನಾನು ಅದೇ ಮೇಜಿನ ಮೇಲೆ ಒಣಮೀನಿನ ಚಟ್ನಿ ಬಿಚ್ಚಿ ತಿಂದಿದ್ದೆ. ಅಣ್ಣನಿಗೆ ಅಷ್ಟು ಸಾಕಾಯಿತು. ಮರುದಿನದಿಂದ ಅವಳ ಮುಖಕ್ಕೇ ಕೇಳತೊಡಗಿದರು: "ಇವತ್ತು ಎಂತ, ನಾಯಿಯಾ ಹಾವಾ?" ಮೊದಮೊದಲು ಅವಳು ನಗಲು ನೋಡಿದಳು. ಆಮೇಲೆ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಹೋಗಿ ಕೂತುಕೊಳ್ಳತೊಡಗಿದಳು. ಅವಳಿಲ್ಲದ ಮೇಜಿನಲ್ಲಿ ನನಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಗ್ಲೌಸ್ ಹಾಕಿ ಅಜ್ಜನ ಹತ್ತಿರ ಹೋದಾಗ ಅಜ್ಜ ತೋಳು ಹಿಂದಕ್ಕೆ ಎಳೆದುಕೊಂಡರು. ಆಚೆ ಮಂಚದ ಬಳಿ ಇದ್ದ ನನ್ನನ್ನು ಕರೆದು, "ನೀನೇ ಹಾಕು ಮಗಳೇ," ಎಂದರು.

"ಯಾಕೆ ಅಜ್ಜ?"

"ಅವರ ಕಡೆಯವರು ಕಂಡದ್ದೆಲ್ಲ ತಿಂತಾರಂತೆ. ರಕ್ತದ ಕೆಲಸಕ್ಕೆ ಅವರನ್ನು ಮುಟ್ಟಿಸ್ಬಾರ್ದು, ರೋಗ ಬರ್ತದೆ ಅಂತ ನಿಮ್ಮ ಆ ದೊಡ್ಡ ಟೆಕ್ನೀಷಿಯನ್ ಹೇಳಿದ."

ಧ್ವನಿ ತಗ್ಗಿಸಿದ್ದರು, ಆದರೂ ಅವಳಿಗೆ ಕೇಳಿಸಿತು. ಗ್ಲೌಸ್ ತೆಗೆದು ಬುಟ್ಟಿಗೆ ಹಾಕಿ, ಸಿಂಕಿಗೆ ಹೋಗಿ ಕೈ ತೊಳೆದಳು. ಮೊಣಕೈವರೆಗೆ ಸೋಪು ಹಚ್ಚಿ, ಮತ್ತೊಮ್ಮೆ ತೊಳೆದಳು. ನಾನು ಸೂಜಿ ಹಾಕಿದೆ. ಅಜ್ಜನ ಮುಖ ನೋವಿನಿಂದ ಕಿವುಚಿಕೊಂಡಿತು. ಆದರೂ, "ಎಷ್ಟಾದ್ರೂ ನಮ್ಮವರು ನಮ್ಮವರೇ," ಎಂದರು.

ತಿಂಗಳುಗಟ್ಟಲೆ ಕಾದಿದ್ದ ಗೆಲುವು. ಕೈಗೆ ಬಂದಾಗ ಅದರಲ್ಲಿ ನನ್ನದೇನೂ ಇರಲಿಲ್ಲ. ನನ್ನ ಕೈ ಒಳ್ಳೆಯದೆಂದು ಅವರು ಕರೆದಿರಲಿಲ್ಲ. ಮೊದಲು ನನಗೆ ಚುಚ್ಚಿದ್ದು ಆ ಅವಮಾನ. ಅವಳಿಗಾದ ಅನ್ಯಾಯ ಅರಿವಾದದ್ದು ಅದರ ನಂತರ, ಅವಳು ಇನ್ನೂ ಸಿಂಕಿನ ಬಳಿಯೇ ನಿಂತಿರುವುದನ್ನು ಕಂಡಾಗ.

ಚಹಾದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ನಾಲ್ಕೈದು ಮಂದಿ ಇದ್ದರು. ನಾನು ನಿಂತುಕೊಂಡೇ ಕೇಳಿದೆ: "ಅಣ್ಣ, ಅಜ್ಜನಿಗೆ ಎಂತ ಹೇಳಿದ್ದು ನೀವು?"

"ಇದ್ದದ್ದೇ ಹೇಳಿದೆ. ನಿಂಗೆ ಒಳ್ಳೆದೇ ಆಯ್ತಲ್ಲ?"

"ಅವಳು ಸೂಜಿ ಹಾಕಿದ ಒಬ್ಬರಿಗೂ ಇನ್‌ಫೆಕ್ಷನ್ ಆಗ್ಲಿಲ್ಲ. ನಂಗೂ ನಿಮ್ಗೂ ಹಾಗೆ ಎದೆತಟ್ಟಿ ಹೇಳ್ಲಿಕ್ಕಾಗುದಿಲ್ಲ."

"ಅಯ್ಯೋ, ತಮಾಷೆ ಮಾರಾಯ್ತಿ."

"ಮುಖ ನೋಡಿ, ಊರು ನೋಡಿ ಒಬ್ಬಳನ್ನು ಗಲೀಜು ಅಂತ ಹೇಳುದು ತಮಾಷೆಯಾ? ನಿಮ್ಮ ತಮ್ಮನಿಗೆ ಗಲ್ಫಿನಲ್ಲಿ ಬಣ್ಣ ನೋಡಿ ಏನೋ ಹೇಳಿದ್ರು ಅಂತ ಇದೇ ಕುರ್ಚಿಯಲ್ಲಿ ಕೂತು ಬೈದದ್ದು ಯಾರು?"

"ಅದು ಬೇರೆ."

"ಎಂತ ಬೇರೆ? ಹೇಳಿ."

ಅವರ ಮುಖ ಕೆಂಪಾಯಿತು. "ನೀನು ದೊಡ್ಡ ಸಾಚಾ? ಡಬ್ಬಿ ವಾಸನೆ ಅಂತ ನಂಗೆ ಬಂದು ಹೇಳಿದ್ದು ಯಾರು? ಎಲ್ಲರಿಗಿಂತ ಜೋರು ನಕ್ಕದ್ದು ಯಾರು?"

"ನಾನೇ," ಎಂದೆ. "ನಂಗೆ ಹೊಟ್ಟೆಕಿಚ್ಚಿತ್ತು. ಅದನ್ನೂ ಸೇರಿಸಿಯೇ ಬರೆದು ಕೊಡ್ತೇನೆ."

ಬರೆದುಕೊಟ್ಟೆ. ವಿಭಾಗದ ಮುಖ್ಯಸ್ಥರು ಎಲ್ಲರನ್ನೂ ಕರೆದು ವಿಚಾರಿಸಿದರು. ಅಣ್ಣನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ನನಗೆ ಬಾಯಿಮಾತಿನದ್ದು. ಅಣ್ಣ ಗೋಡೆ ನೋಡಿಕೊಂಡು ಅವಳ ಹತ್ತಿರ ಸಾರಿ ಎಂದರು. ಅಂದಿನಿಂದ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು. ರಕ್ತ ಕೊಟ್ಟವರಿಗೆ ಹೀಗೆ ಮಾಡಿದೆಯಾ ಎಂದು ಅಮ್ಮ ಕೂಡ ಬೇಸರಪಟ್ಟರು.

ನಾನು ಮೆಟ್ಟಿಲ ಬಳಿ ಹೋಗಿ ಅವಳಲ್ಲಿ ಕ್ಷಮೆ ಕೇಳಿದೆ. ಅವಳು ಡಬ್ಬಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ನೀವು ನಕ್ಕದ್ದು ನಂಗೆ ಹೊರಗೆ ಕೇಳಿತ್ತು ಅಕ್ಕ. ಅಂಥ ಮಾತು ನಂಗೆ ಅಭ್ಯಾಸ ಉಂಟು. ರೂಮ್ ಹುಡುಕುವಾಗ, ಬಸ್ಸಲ್ಲಿ, ಎಲ್ಲ ಕಡೆ ಕೇಳ್ತೇನೆ. ಆದ್ರೆ ನೀವು ಕೆಲಸ ಗೊತ್ತಿರುವವರು. ನಿಮ್ಮಿಂದ ಕಲಿಬೇಕು ಅಂತ ಇದ್ದೆ."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ನಾನೂ ಹೇಳಿಸಿಕೊಳ್ಳಲು ಕಾಯಲಿಲ್ಲ. ಒಂದು ತಿಂಗಳ ಮೇಲೆ ಅವಳು ಮತ್ತೆ ಮೇಜಿಗೆ ಬಂದಳು, ನನ್ನ ಪಕ್ಕದಲ್ಲಲ್ಲ, ಎದುರಿಗೆ.

ಅಜ್ಜನ ಹತ್ತಿರ ನೇರವಾಗಿ ಕೇಳಿದೆ. "ನನ್ನ ಕೈಯಲ್ಲಿ ನೋವಾಗ್ತದಲ್ಲ ಅಜ್ಜ?"

"ಸ್ವಲ್ಪ ಆಗ್ತದೆ."

"ಅವಳ ಕೈಯಲ್ಲಿ?"

ಅವರು ತಮ್ಮ ತೋಳನ್ನೇ ನೋಡಿಕೊಂಡರು. "ಅವಳ ಬಗ್ಗೆ ನಿಮ್ಗೆ ಹೇಳಿದ್ದು ಸುಳ್ಳು," ಎಂದೆ. "ಅವಳನ್ನು ಕರೆಯುದಿದ್ರೆ ನೀವೇ ಕರೀಬೇಕು. ನಾನು ಹೇಳುದಿಲ್ಲ." ಎರಡು ವಾರ ನನ್ನ ಸೂಜಿಯನ್ನೇ ಸಹಿಸಿದರು. ಆಮೇಲೆ ಒಂದು ಬುಧವಾರ ಅವಳು ಹತ್ತಿರ ಹಾದುಹೋಗುವಾಗ, "ಮಗಳೇ, ನೀನು ಹಾಕ್ತೀಯಾ?" ಎಂದು ಕೇಳಿದರು. ಅವಳು ತಿರುಗಿ ಬಂದು ಗ್ಲೌಸ್ ಹಾಕಿಕೊಂಡಳು. ಮಗಳೇ ಎಂಬ ಆ ಶಬ್ದ ಅಲ್ಲಿಯವರೆಗೆ ನನಗೊಬ್ಬಳಿಗೆ ಇತ್ತು. ಅವರಿಬ್ಬರನ್ನು ಸೇರಿಸಿದ್ದು ನಾನೇ ಆದರೂ, ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು.

ಈ ವರ್ಷ ಎರಡನೇ ಮಹಡಿಯಲ್ಲಿ ಹೊಸ ಘಟಕ ಶುರುವಾಯಿತು. ಅದರ ಇನ್‌ಚಾರ್ಜ್ ಹುದ್ದೆಗೆ ನಾನೂ ಅರ್ಜಿ ಹಾಕಿದ್ದೆ. ಅನುಭವದಲ್ಲಿ ನನಗಿಂತ ಚಿಕ್ಕವಳಾದರೂ, ಪರೀಕ್ಷೆಯಲ್ಲಿ ಮುಂದೆ ಬಂದ ಅವಳಿಗೆ ಸಿಕ್ಕಿತು. ಮೊದಲು ಹೋಗಿ ಕೈಕುಲುಕಿದವಳು ನಾನೇ. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚುತ್ತಲೇ ಅತ್ತುಬಿಟ್ಟೆ.

"ಅವಳಿಗೆ ಕೊಟ್ಟದ್ದು ತಪ್ಪಾ?" ಎಂದು ಗಂಡ ಕೇಳಿದರು.

"ಸರಿಯೇ. ಅದಕ್ಕೇ ಕಷ್ಟ ಆಗುದು," ಎಂದೆ.