ವಚನಕ್ಕೆ ಜಾಗ ಮಾಡಲು ಹೋಗಿ

ನಾಸಿಕ್ ರೋಡಿನ ಮನೆಯಲ್ಲಿ ಮಗಳು ಕಾಲೇಜಿನ ಪ್ರಾಜೆಕ್ಟಿಗೆಂದು ನಮ್ಮ ಕಂಪ್ಯೂಟರಿನೊಳಗೇ ಇನ್ನೊಂದು ವರ್ಚುವಲ್ ಕಂಪ್ಯೂಟರ್ ಮಾಡಿಕೊಂಡಿದ್ದಳು. ಅದೆಲ್ಲ ಒಂದೇ ದೊಡ್ಡ ಫೈಲಿನಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಶ್ರಾವಣ ಸೋಮವಾರ ವಚನದ ಹಾಡು ತುಂಬಿಕೊಳ್ಳಲು ಜಾಗ ಸಾಲಲಿಲ್ಲ. ಯಾವುದೋ ಸಿನಿಮಾ ಇರಬೇಕೆಂದು ಆ ಫೈಲನ್ನೇ ಪೂರಾ ಅಳಿಸಿಬಿಟ್ಟೆ.

ಸಂಜೆ ಮಗಳು ಹುಡುಕಾಡಿದಳು. "ಅವ್ವಾ, ನೀ ಏನರ ಮುಟ್ಟಿದ್ಯೇನು?"

"ನನಗೇನು ತಿಳೀತದವಾ ಅದರಾಗ?" ಅಂದೆ. ಪೂಜೆಯ ವಿಭೂತಿ ಇನ್ನೂ ಹಣೆಯ ಮೇಲೇ ಇತ್ತು.

"ಹಂಗಾರ ನಂದೇ ತಪ್ಪು," ಎಂದು ಕಣ್ಣೊರೆಸಿಕೊಂಡು ಮೊದಲಿನಿಂದ ಮಾಡಲು ಕೂತಳು.

ಅದನ್ನು ನೋಡಲಾಗದೆ ನಿಜ ಹೇಳಿದೆ. ಅವಳು ನನ್ನತ್ತ ತಿರುಗಿ, "ಜಾವೂ ದೇ, ಬಿಡವ್ವಾ. ಹಾಡರ ಹಚ್ಚು," ಅಂದಳು. ಶಿವನ ದಯೆ, ಬೈಯಲಿಲ್ಲ. ಆ ಹಾಡು ಹಚ್ಚಲು ಮಾತ್ರ ನನಗೆ ಇವತ್ತಿಗೂ ನಾಚಿಕೆ.