ಡಬ್ಲಿನ್‌ನಿಂದ ರೋಮಿಗೆ ಮೂರು ಗಂಟೆ

ದೇವಮಾತೆಯ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಪೂಜೆ ಮುಗಿಸಿ ಚರ್ಚಿನಿಂದ ಬಂದು ಹೊಸ ತೆನೆಯನ್ನು ಮೇಜಿನ ಮೇಲಿಟ್ಟರೆ ಮನೆಯೆಲ್ಲ ಹಸಿ ಭತ್ತದ ವಾಸನೆ. ನಮ್ಮ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಆ ದಿನ ತೆನೆಯ ಕಾಳು ಸುಲಿದು, ಹಾಲಿಗೆ ಹಾಕಿ, ಎಲ್ಲರೂ ಒಟ್ಟಿಗೆ ಕುಡಿಯಬೇಕು. ಊರಲ್ಲಿಲ್ಲದವರ ಪಾಲು ಲಕೋಟೆಯಲ್ಲಿ ಹೋಗುತ್ತದೆ. ಕಳಿಸದಿದ್ದರೆ ಅವರನ್ನು ಮನೆಯಿಂದ ಬಿಟ್ಟ ಹಾಗೆ.

ನನ್ನಲ್ಲಿಂದ ಪ್ರತಿ ವರ್ಷ ಎರಡು ಲಕೋಟೆ. ತಂಗಿ ಲಿಲ್ಲಿ ಡಬ್ಲಿನ್‌ನಲ್ಲಿ ನರ್ಸ್. ಕಿರಿಯವಳು ಸ್ಟೆಲ್ಲಾ ರೋಮಿನಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾಳೆ. ಊರಲ್ಲೇ ಉರ್ವದಲ್ಲಿ ಉಳಿದ ನಾನು, ನಿವೃತ್ತಳಾಗಿ ಎಷ್ಟು ಕಾಲವಾದರೂ ಶಾಲೆಯ ಗಂಟೆಗೇ ಊಟ ಮಾಡುವವಳು. ನನ್ನ ಬೆಕ್ಕಿಗೂ ಟೈಮ್‌ಟೇಬಲ್ ಉಂಟೆಂದು ನೆರೆಯವರು ನಗುತ್ತಾರೆ. ಬೆಕ್ಕು ಅದನ್ನು ಪಾಲಿಸುವುದಿಲ್ಲ, ಆ ಮಾತು ಬೇರೆ.

ಅಮ್ಮ ಹಾಸಿಗೆ ಹಿಡಿದಾಗ ಸ್ಟೆಲ್ಲಾ ಕೆಲಸ ಬಿಟ್ಟು ಬಂದಿದ್ದಳು. ಲಿಲ್ಲಿಗೆ ರಜೆ ಸಿಕ್ಕಿದ್ದು ತೀರ ತಡವಾಗಿ. ಟಿಕೆಟ್ ಮಾಡ್ತೇನೆ ಎಂದು ಅವಳು ಫೋನಿಸಿದಾಗ, ನಿದ್ದೆಗೆಟ್ಟ ಸ್ಟೆಲ್ಲಾ, "ಈಗ ಬಂದು ಎಂತ ಮಾಡ್ತೀ? ಅಲ್ಲೇ ಕೂತುಕೋ" ಅಂದುಬಿಟ್ಟಳು. ಲಿಲ್ಲಿ ಅಲ್ಲೇ ಕೂತಳು. ಅಮ್ಮನನ್ನು ಮಣ್ಣು ಮಾಡುವಾಗಲೂ ಬರಲಿಲ್ಲ.

ಆಮೇಲೆ ಅವರ ಮಾತೆಲ್ಲ ನನ್ನ ಮೂಲಕ. ಸ್ಟೆಲ್ಲಾಳ ಮಂಡಿನೋವನ್ನು ನಾನು ಲಿಲ್ಲಿಗೆ ಹೇಳಬೇಕು. ಲಿಲ್ಲಿ ಹೇಳಿದ ಮುಲಾಮಿನ ಹೆಸರನ್ನು ರೋಮಿಗೆ ಮುಟ್ಟಿಸಬೇಕು. ಅವರಿಬ್ಬರ ನಡುವೆ ಎಷ್ಟು ದೂರ ಎಂದು ಒಮ್ಮೆ ಫೋನಿನಲ್ಲಿ ನೋಡಿದೆ. ಸಾವಿರದ ಒಂಬೈನೂರು ಕಿಲೋಮೀಟರು, ವಿಮಾನದಲ್ಲಿ ಮೂರು ಗಂಟೆ. ನೀವೇ ಹೇಳಿ, ಕೂಳೂರು ಸೇತುವೆಯಲ್ಲಿ ಬ್ಲಾಕ್ ಇದ್ದ ದಿನ ಉರ್ವದಿಂದ ಇಲ್ಲೇ ಹತ್ತಿರದ ಕಾಟಿಪಳ್ಳಕ್ಕೆ ಹೋಗಿ ಬರಲಿಕ್ಕೆ ಅಷ್ಟು ಹೊತ್ತು ಬೇಡವೇ? ಸುಮ್ಮನೆ ಸಮುದ್ರಗಳ ಮೇಲೆ ತಪ್ಪು ಹೊರಿಸಿದ್ದೆ. ನಾನು ಹೋದ ಮೇಲೆ ಇವರಿಗೆ ಒಬ್ಬರ ಸುದ್ದಿ ಒಬ್ಬರಿಗೆ ಹೇಳುವವರು ಯಾರು ಎಂಬ ಯೋಚನೆ ಅಂದು ಹತ್ತಿದ್ದು, ಬಿಡಲಿಲ್ಲ.

ಈ ಸಲ ಇಬ್ಬರ ಪಾಲನ್ನೂ ಡಬ್ಲಿನ್‌ಗೇ ಹಾಕಿದೆ.

"ಎಂತ ಟೀಚರ್, ಒಂದೇ ಕವರಾ?" ಎಂದ ಮಾರ್ಕೆಟಿನ ಕೊರಿಯರ್ ಅಂಗಡಿಯವನು. "ರೋಮಿನವರಿಗೆ ಈ ವರ್ಷ ಉಪವಾಸವಾ?"

"ಅವರದ್ದೂ ಇದರಲ್ಲೇ ಉಂಟು."

"ಹಾಗಾದ್ರೆ ಡಬ್ಲಿನ್‌ನಿಂದ ಹೊತ್ತುಕೊಂಡು ಹೋಗುವವರು ಯಾರು ಮಾರಾಯ್ರೆ?"

ಅದು ನನಗೂ ಗೊತ್ತಿರಲಿಲ್ಲ.

ಲಕೋಟೆ ಮುಟ್ಟಿದ ದಿನ ಲಿಲ್ಲಿಯ ಫೋನು. "ಬಾಯ್, ಅವಳ ಪಾಲು ನನಗೆ ಯಾಕೆ ಕಳಿಸಿದ್ದು?" ನಮ್ಮಲ್ಲಿ ಅಕ್ಕನಿಗೆ ಬಾಯ್ ಎನ್ನುತ್ತಾರೆ.

"ಕೊಟ್ಟು ಬಾ."

"ಪೋಸ್ಟ್ ಮಾಡ್ತೇನೆ."

"ಪೋಸ್ಟ್ ಮಾಡಲಿಕ್ಕೆ ನಾನಿದ್ದೆನಲ್ಲ."

ಅವಳು ಫೋನ್ ಇಟ್ಟಳು. ಆಮೇಲೆ ಸುದ್ದಿಯಿಲ್ಲ. ತೆನೆಯನ್ನು ಎಲ್ಲಿಯಾದರೂ ಎಸೆದಳೋ ಎಂಬ ಹೆದರಿಕೆಯಲ್ಲಿ ನನ್ನ ಟೈಮ್‌ಟೇಬಲ್ ಬೆಕ್ಕಿನದ್ದಕ್ಕಿಂತ ಕಡೆಯಾಯಿತು.

ಇವತ್ತು ಮಧ್ಯಾಹ್ನ ರೋಮಿನಿಂದ ಫೋನು. ಸ್ಟೆಲ್ಲಾಳ ಸ್ವರ ಸಣ್ಣದಾಗಿತ್ತು.

"ಬಾಯ್, ಇವಳು ಬಂದಿದ್ದಾಳೆ. ಕೋಟು ಸಹ ತೆಗೆಯದೆ ಅಡುಗೆಮನೆಯಲ್ಲಿ ಕೂತಿದ್ದಾಳೆ. ಚಹಾಕ್ಕೆ ಸಕ್ಕರೆ ಹಾಕುವುದಾ ಬೇಡವಾ, ಸ್ವಲ್ಪ ಕೇಳಿ ಹೇಳು."

ಹಿಂದಿನಿಂದ ಲಿಲ್ಲಿಯ ಗೊಣಗು ಕೇಳಿಸಿತು: "ಒಂದು ಚಮಚ ಅಂತ ಹೇಳು ಬಾಯ್."

ಒಂದು ಚಮಚ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. ನುಂಗಿಕೊಂಡು ಫೋನ್ ಇಟ್ಟುಬಿಟ್ಟೆ.