ಹತ್ತು ಬಡಿತ, ಹನ್ನೊಂದು ಸದ್ದು

ಆ ಹಾಲ್‌ನ ಬಾಗಿಲಲ್ಲಿ ನಾನು ಶೂ ಬಿಚ್ಚಿಟ್ಟೆ. ಬಿಚ್ಚು ಎಂದು ಯಾರೂ ಹೇಳಿರಲಿಲ್ಲ. ಆಟದ ನೆಲ ಕಂಡರೆ ಶೂ ಬಿಚ್ಚುವುದು ನಮ್ಮೂರು ತುರುವೇಕೆರೆಯಿಂದ ತಂದ ಅಭ್ಯಾಸ. ಬೀಗ ತೆಗೆದ ವಯಸ್ಸಾದ ಇಂಗ್ಲಿಷ್ ಕಾವಲುಗಾರ ನನ್ನ ಬರಿಗಾಲು ನೋಡಿ, ಒಳಗೆ ನೆಲ ತಣ್ಣಗಿರುತ್ತದೆ ಎಂದಷ್ಟೇ ಹೇಳಿದ.

ನಾನು ಲಂಡನ್ನಿನ ದಕ್ಷಿಣ ತುದಿಯ ಕ್ರೋಯ್ಡನ್ನಿನ ಒಂದು ಕಾಲೇಜಿನಲ್ಲಿ ಆಟದ ಸಾಮಾನು ಮತ್ತು ಅಂಕಣ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮದು ಎಂಟು ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಲೀಗ್. ವರ್ಷದ ಕೊನೆಗೆ ಎರಡು ದಿನದ ಟೂರ್ನಮೆಂಟ್ ಇರುತ್ತದೆ. ಆ ವರ್ಷ ಅದನ್ನು ಎಲ್ಲಿ ನಡೆಸಬೇಕೆಂದು ತೀರ್ಮಾನವಾಗಿರಲಿಲ್ಲ. ಜಾಗ ನೋಡಿ ಬರಲು ಸಮಿತಿ ಇಬ್ಬರನ್ನು ಕಳಿಸಿತು. ಒಬ್ಬರು ನಮ್ಮ ಹುಡುಗಿಯರ ತಂಡದ ಕೋಚ್. ಇನ್ನೊಬ್ಬ ನಾನು. ನೆಲದ ವರದಿ ಬರೆಯುವುದು ನನ್ನ ಪಾಲು.

ಕೋಚ್ ಉಡುಪಿ ಕಡೆಯವರು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ಕಾಲೇಜಿನ ಹಾಲ್‌ನ ಸೂರು ಸೋರಿ ಬೀಗ ಬಿದ್ದಾಗಿನಿಂದ ಅವರ ಹುಡುಗಿಯರು ವರ್ಷವಿಡೀ ಬೇರೆಯವರ ಅಂಕಣದಲ್ಲಿ ಆಡಿದ್ದರು. ಟೂರ್ನಮೆಂಟಾದರೂ ನಮ್ಮ ಕ್ರೋಯ್ಡನ್ನಿನಲ್ಲೇ ಆಗುತ್ತದೆ, ನಿಮ್ಮ ಅಪ್ಪ ಅಮ್ಮ ಟ್ರಾಮ್ ಹತ್ತಿ ಬಂದು ನೋಡಬಹುದು ಎಂದು ಅವರು ಮಕ್ಕಳಿಗೆ ಮಾತು ಕೊಟ್ಟಿದ್ದರು. ಕ್ಯಾನರಿ ವಾರ್ಫ್‌ನ ಗಾಜಿನ ಹಾಲ್ ಆಗಲೇ ಬುಕ್ ಆಗಿತ್ತು. ಸ್ಟ್ಯಾನ್ಮೋರಿನದು ಬಹಳ ಚೆನ್ನಾಗಿತ್ತು, ಆದರೆ ಲಂಡನ್ನಿನ ಇನ್ನೊಂದು ತುದಿಯಲ್ಲಿತ್ತು. ಶಿಫ್ಟ್ ಕೆಲಸದ ಅಪ್ಪ ಅಮ್ಮಂದಿರು ಅಲ್ಲಿಗೆ ಬರುವ ಹಾಗಿರಲಿಲ್ಲ. ಉಳಿದದ್ದು ಕ್ರೋಯ್ಡನ್ನಿನ ಈ ಹಾಲ್ ಒಂದೇ.

ಇಲ್ಲಿ ನನ್ನ ಪದ್ಧತಿ ಹೇಳಬೇಕು. ನಾನು ಶಾಲೆಗೆ ಸೇರಿದ್ದೇ ಹನ್ನೊಂದನೆಯ ವಯಸ್ಸಿನಲ್ಲಿ. ಪುಟ್ಟ ಮಕ್ಕಳ ನಡುವೆ ಕಂಬದ ಹಾಗೆ ಕೂರುತ್ತಿದ್ದೆ. ಹೈಸ್ಕೂಲಿನಲ್ಲಿ ಆ ಎತ್ತರಕ್ಕಾಗಿಯೇ ಡ್ರಿಲ್ ಮೇಷ್ಟ್ರು ನನ್ನನ್ನು ಬ್ಯಾಸ್ಕೆಟ್‌ಬಾಲ್ ಬೋರ್ಡಿನ ಕೆಳಗೆ ನಿಲ್ಲಿಸಿದರು. ಅಲ್ಲಿನ ಅಂಕಣ ಸಿಮೆಂಟಿನದು, ಹಳೆಯ ಬಾವಿ ಮುಚ್ಚಿದ ಜಾಗದ ಪಕ್ಕದಲ್ಲಿತ್ತು. ಪ್ರತಿ ಮಳೆಗಾಲ ಮುಗಿದ ಮೇಲೆ ಮೇಷ್ಟ್ರು ನನ್ನ ಕೈಗೆ ಚೆಂಡು ಕೊಟ್ಟು, ಒಂದೊಂದು ಹೆಜ್ಜೆಗೂ ಹತ್ತು ಸಲ ಬಡಿಸುತ್ತಿದ್ದರು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ಕೇಳುವ ಹಾಗೆ ಅವರು ತಲೆ ಬಗ್ಗಿಸಿ, ಅಡಿಯಲ್ಲಿ ಟೊಳ್ಳಿದೆಯೇ ಎಂದು ಕೇಳುತ್ತಿದ್ದರು. ಒಂದು ವರ್ಷ ಅವರು ರಜೆಯಲ್ಲಿದ್ದಾಗ ಮೂಲೆಯೊಂದರಲ್ಲಿ ಸದ್ದು ಮಂದವಾಗಿರುವುದು ನನಗೆ ಕೇಳಿಸಿತು. ದಡ್ಡ ಎಂದು ನಗುತ್ತಾರೆಂದು ಯಾರಿಗೂ ಹೇಳಲಿಲ್ಲ. ಆ ಮೂಲೆ ಕುಸಿದು ಬೋರ್ಡಿನ ಕಂಬ ವಾಲಿಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೂ ಅಂದಿನಿಂದ ನಾನು ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆಯುತ್ತೇನೆ.

ಅವತ್ತು ಬುಧವಾರ ಮಧ್ಯಾಹ್ನ. ಎತ್ತರದ ಕಿಟಕಿಗಳಿಂದ ಬೆಳಕು ಧಾರಾಳವಾಗಿ ಬೀಳುತ್ತಿತ್ತು. ನಾನು ಬಡಿಯುತ್ತಾ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ನಡೆದೆ. ಕೋಚ್ ಲೆಕ್ಕ ಬರೆಯುವ ಪಟ್ಟಿ ಹಿಡಿದುಕೊಂಡು ಹಿಂದೆ ಬಂದರು. ನಡುಗೆರೆ ದಾಟಿದ ಮೇಲೆ ಅಂಗಾಲಿಗೆ ತಣ್ಣಗೆ ಹತ್ತತೊಡಗಿತು. ಕಾವಲುಗಾರನನ್ನು ಕೇಳಿದ್ದಕ್ಕೆ, ಇದು ಮೊದಲು ಈಜುಕೊಳ, ನೀರು ತೆಗೆದು ಮೇಲೆ ಹಲಗೆ ಹಾಸಿದ್ದಾರೆ, ನಾನು ಕೆಲಸಕ್ಕೆ ಸೇರುವ ಮುಂಚಿನಿಂದಲೂ ಹೀಗೇ ಇದೆ ಎಂದ. ಆಳದ ಕಡೆ ಯಾವುದು ಎಂದೆ. ನಾನು ಹೋಗುತ್ತಿದ್ದ ಕಡೆಗೇ ಕೈ ತೋರಿಸಿದ.

ಆ ತುದಿಯಲ್ಲಿ, ಫೌಲ್ ಆದಾಗ ಒಬ್ಬರೇ ನಿಂತು ಎಸೆಯುವ ಫ್ರೀ ಥ್ರೋ ಗೆರೆಯ ಮೇಲೆ ನಿಂತು ಹತ್ತು ಬಡಿದೆ. ಚೆಂಡನ್ನು ಎರಡು ಕೈಯಲ್ಲಿ ಹಿಡಿದೆ.

ಹನ್ನೊಂದನೆಯ ಸದ್ದು ಬಂತು.

ಎಣಿಕೆ ತಪ್ಪಿರಬೇಕೆಂದು ಇನ್ನೊಮ್ಮೆ ಬಡಿದೆ. ಹತ್ತಕ್ಕೆ ನಿಲ್ಲಿಸಿದೆ. ಒಂದು ಉಸಿರಿನಷ್ಟು ಬಿಟ್ಟು, ಕಾಲ ಕೆಳಗೆ, ಅದೇ ತೂಕದ ಸದ್ದು. ಪ್ರತಿಧ್ವನಿಯಾಗಿದ್ದರೆ ಪ್ರತಿ ಬಡಿತಕ್ಕೂ ಬರಬೇಕಿತ್ತು. ಇದು ನಾನು ನಿಲ್ಲಿಸಿದ ಮೇಲೆ ಮಾತ್ರ ಬರುತ್ತಿತ್ತು. ಕೋಚ್ ಚೆಂಡು ಇಸಿದುಕೊಂಡು ತಾವೇ ಬಡಿದರು. ಐದಕ್ಕೆ ನಿಲ್ಲಿಸಿದರು. ಆರನೆಯದು ಬಂತು. ಅವರು ಪಟ್ಟಿಯ ಕಡೆ ನೋಡಿದರು.

ಆಸರೆಯ ಕಂಬವೊಂದು ಸಡಿಲವಾಗಿರಬಹುದೆಂದು ನಾನು ಕೆಳಗೆ ಇಳಿದೆ. ಗೋಡೆ ಬದಿಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಒಳಗೆ ನೀಲಿ ಟೈಲ್ಸ್, ಆಳದ ಅಂಕಿಗಳು, ನೀರಿಲ್ಲದ ಕೊಳಕ್ಕೆ ಇಳಿಯುವ ಕಬ್ಬಿಣದ ಏಣಿ. ಎಲ್ಲ ಒಣಗಿತ್ತು. ಒಂದೊಂದು ಕಂಬವನ್ನೂ ಅಲುಗಿಸಿ ನೋಡಿದೆ. ಎಲ್ಲವೂ ಬಿಗಿಯಾಗಿ ನಿಂತಿದ್ದವು. ಬಡೀರಿ ಮೇಡಂ ಎಂದು ಕೂಗಿದೆ. ತಲೆಯ ಮೇಲೆ ಸದ್ದು ಶುರುವಾಯಿತು. ಟಾರ್ಚ್ ಹಿಡಿದು ಎಣಿಸಿದೆ. ಕೆಳಗೆ ಹತ್ತೇ ಹತ್ತು. ಆಮೇಲೆ ಮೌನ. ನನ್ನ ಸುತ್ತ ಏನೂ ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೋಚ್ ಧ್ವನಿ ಹಲಗೆಯ ಸಂದಿಯಿಂದ ಇಳಿದು ಬಂತು. "ಈಗ ತಟ್ಟಿದ್ದು ನೀವಲ್ವಾ ಮಾರಾಯ್ರೆ?"

"ನಾನು ತಟ್ಟಿಲ್ಲ ಮೇಡಂ."

"ನೀವೇ ಅಂತ ಹೇಳಿ, ಸಾಕು," ಎಂದರು.

ಇಬ್ಬರೂ ಟ್ರಾಮ್ ಸ್ಟಾಪಿಗೆ ನಡೆದೆವು. ಅಲ್ಲಿ ಕೋಚ್ ಬೆಂಚಿನ ಮೇಲೆ ಕೂತು, ನೆಲ ಗಟ್ಟಿ ಉಂಟೋ ಇಲ್ವೋ ಎಂದು ಕೇಳಿದರು. ಗಟ್ಟಿಯಾಗೇ ಇದೆ ಎಂದೆ. ಸಮತಟ್ಟು ಉಂಟೋ ಎಂದರು. ಇದೆ ಎಂದೆ.

"ಮತ್ತೆಂತ? ನೀವು ಹನ್ನೊಂದು ಅಂತ ಬರೆದ್ರೆ ಸಮಿತಿಯವರು ಸ್ಟ್ಯಾನ್ಮೋರ್ ಅಂತಾರೆ. ಮಕ್ಕಳಿಗೆ ನಾನು ಎಂತ ಹೇಳುದು?"

"ಕೇಳ್ಸಿದ್ದನ್ನ ಬರೀದೆ ಹೆಂಗಿರ್ಲಿ ಮೇಡಂ."

ಟ್ರಾಮ್ ಬಂತು. ಅವರು ಬೇರೆ ಬಾಗಿಲಲ್ಲಿ ಹತ್ತಿದರು.

ವರದಿಯನ್ನು ಇಂಗ್ಲಿಷಿನಲ್ಲಿ ಕಳಿಸಬೇಕು. ನಾನು ಎರಡೇ ಬೆರಳಲ್ಲಿ ಟೈಪ್ ಮಾಡುವವನು, ಮುಗಿಸಲು ಎರಡು ಸಂಜೆ ಹಿಡಿಯಿತು. ಜಾಗ, ಬಡಿತ, ಕೇಳಿದ ಸದ್ದು ಎಂದು ಮೂರು ಕಾಲಂ ಹಾಕಿದೆ. ಎಲ್ಲ ಸಾಲಿನಲ್ಲೂ 10, 10. ಹನ್ನೆರಡನೆಯ, ಆ ಫ್ರೀ ಥ್ರೋ ಗೆರೆಯ ಸಾಲಿನಲ್ಲಿ ಮಾತ್ರ 10, 11. ನೆಲ ಗಟ್ಟಿಯಾಗಿದೆ, ದಯವಿಟ್ಟು ಹನ್ನೆರಡನೆಯ ಸಾಲು ನೋಡಿ ಎಂದು ಕೆಳಗೆ ಬರೆದೆ. ಕಾರಣ ಬರೆಯಲಿಲ್ಲ. ಕಾರಣ ನನ್ನ ಹತ್ತಿರ ಇರಲಿಲ್ಲ.

ಸಮಿತಿಯ ಕಾರ್ಯದರ್ಶಿಯ ಉತ್ತರ ಶುಕ್ರವಾರ ಬಂತು. ವರದಿ ಚೆನ್ನಾಗಿದೆ, ಹನ್ನೆರಡನೆಯ ಸಾಲಿನ ಟೈಪಿಂಗ್ ತಪ್ಪು ಸರಿ ಮಾಡಿದ್ದೇವೆ, ಹೇಳಿದ್ದಕ್ಕೆ ಧನ್ಯವಾದ, ಟೂರ್ನಮೆಂಟ್ ಈ ಹಾಲ್‌ನಲ್ಲೇ ಎಂದಿತ್ತು. ಜೊತೆಗಿದ್ದ ಪ್ರತಿಯಲ್ಲಿ 11 ಹೋಗಿ 10 ಆಗಿತ್ತು. ನನ್ನ ಕಾಗುಣಿತ ತಿದ್ದಿ ಅವರಿಗೆ ಅಭ್ಯಾಸವಿತ್ತು. ಅದು ತಪ್ಪಲ್ಲ ಎಂದು ಉತ್ತರ ಬರೆಯಲು ಕೂತೆ. ಎರಡು ಪದ ಹೊಡೆದು ನಿಲ್ಲಿಸಿದೆ. ನಾಚಿಕೆಯಾಯಿತು ಎನ್ನುವುದು ಅರ್ಧ ನಿಜ. ಆ ಹುಡುಗಿಯರು ಇಲ್ಲೇ ಆಡಲಿ ಎಂದು ನನಗೂ ಆಸೆಯಿತ್ತು. ಬಾವಿಯ ಪಕ್ಕದ ಮೂಲೆ ಕಣ್ಣ ಮುಂದೆ ಬಂತು. ಆದರೂ ಅಳಿಸಿಬಿಟ್ಟೆ.

ಟೂರ್ನಮೆಂಟಿನ ಎರಡು ದಿನವೂ ಹಾಲ್ ತುಂಬಿತ್ತು. ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ. ಸಮವಸ್ತ್ರದಲ್ಲೇ ಕೆಲಸದಿಂದ ಓಡಿ ಬಂದ ಅಮ್ಮಂದಿರು ಡಬ್ಬಿ ಬಿಚ್ಚಿ ಎಲ್ಲರಿಗೂ ಚಪಾತಿ ಹಂಚುತ್ತಿದ್ದರು. ನಾನು ಕಣ್ಣು ಕೀಳದೆ ಆ ತುದಿಯ ಹಲಗೆಗಳನ್ನೇ ನೋಡುತ್ತಾ ಕೂತಿದ್ದೆ. ನಮ್ಮ ಹುಡುಗಿಯರು ಫೈನಲ್‌ಗೆ ಬಂದರು. ಕೊನೆಯ ನಿಮಿಷದಲ್ಲಿ ಒಂದು ಪಾಯಿಂಟ್ ಹಿಂದಿದ್ದಾಗ ನಮ್ಮ ಒಬ್ಬಳಿಗೆ ಎರಡು ಫ್ರೀ ಥ್ರೋ ಸಿಕ್ಕಿತು. ಅದೇ ತುದಿ, ಅದೇ ಗೆರೆ.

ಹಾಲ್ ಪೂರ್ತಿ ಸುಮ್ಮನಾಯಿತು.

ಎಸೆಯುವ ಮುಂಚೆ ಮೂರು ಸಲ ಬಡಿಯುವುದು ಅವಳ ರೂಢಿ. ಮೂರು ಬಡಿದು ಚೆಂಡು ಹಿಡಿದಳು. ಕೆಳಗಿನಿಂದ ನಾಲ್ಕನೆಯದು ಬಂತು. ಅವಳು ತನ್ನ ಕಾಲು ನೋಡಿಕೊಂಡಳು. ರೆಫರಿಯೂ ನೆಲ ನೋಡಿದರು. ಅವಳು ಎಸೆದ ಚೆಂಡು ರಿಂಗಿಗೂ ತಾಗದೆ ಬಿತ್ತು. ನಾನು ಬರೆದು, ನಾನೇ ಬಿಟ್ಟುಕೊಟ್ಟ ಒಂದು ಅಂಕಿ ಆ ಮಗುವಿನ ಕಾಲ ಕೆಳಗೆ ನಿಂತಿತ್ತು.

ರೆಫರಿ ಚೆಂಡನ್ನು ಮತ್ತೆ ಕೊಟ್ಟರು. ಅವಳು ಒಂದು ಬಡಿದಳು. ಇನ್ನೊಂದು ಬಡಿದಳು. ಚೆಂಡನ್ನು ಎದೆಗೆ ಹಿಡಿದು, ತಲೆ ಒಂದು ಕಡೆಗೆ ವಾಲಿಸಿ ನಿಂತಳು. ಮೂರನೆಯದು ಕೆಳಗಿನಿಂದ ಬಂತು. ಅದು ಬಂದ ಮೇಲೆ ಎಸೆದಳು. ಚೆಂಡು ಬಲೆಯೊಳಗೆ ನೇರ ಇಳಿಯಿತು.

ಅಂಕ ಸಮವಾಗಿ, ಹೆಚ್ಚುವರಿ ಐದು ನಿಮಿಷದಲ್ಲಿ ನಾವು ಸೋತೆವು. ಅಪ್ಪ ಅಮ್ಮಂದಿರು ಗೆದ್ದವರ ಹಾಗೇ ಫೋಟೋ ತೆಗೆದುಕೊಂಡರು. ಜನ ಖಾಲಿಯಾದ ಮೇಲೆ, ನಾನು ನೆಲದ ಟೇಪ್ ಕೀಳುತ್ತಿದ್ದಾಗ, ಕೋಚ್ ಬಂದು ಪಕ್ಕದಲ್ಲಿ ನಿಂತರು. ಟ್ರಾಮ್ ಸ್ಟಾಪಿನ ಆ ಮಾತಿನ ನಂತರ ಅವರು ನನ್ನ ಜೊತೆ ಆಡಿದ ಮೊದಲ ಮಾತು ಅದು.

"ಆ ಸದ್ದಿಗೆ ಕಾಯ್ಲಿಕ್ಕೆ ಅವಳಿಗೆ ನಾನು ಹೇಳಿಕೊಟ್ಟದ್ದಲ್ಲ ಮಾರಾಯ್ರೆ."

ನಾನು ಶೂ ಕೈಯಲ್ಲಿ ಹಿಡಿದುಕೊಂಡು, ಆ ಫ್ರೀ ಥ್ರೋ ಗೆರೆಯನ್ನು ತುಳಿಯದೆ, ಬಳಸಿ ಬಾಗಿಲಿನ ಕಡೆ ನಡೆದೆ. ಅವರೂ ಬಳಸಿಯೇ ಬಂದರು.